ಪೂರ್ವ ಜರ್ಮನಿ: ಅಕ್ಕ ‘ಆಗಲೇ ಚೆನ್ನಾಗಿತ್ತು’ ಅಂತಾರೆ, ತಮ್ಮ ‘ಅದು ಜೈಲು’ ಅಂತಾರೆ. ಯಾರ ಮಾತು ನಂಬೋದು?

ಹೇಮಾವತಿ_ದಡ
ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. ಜರ್ಮನಿಯ ಚೆಮ್ನಿಟ್ಸ್‌ನಲ್ಲಿ ಎಂಎಸ್ಸಿ ಓದ್ತಾ ಇದ್ದೇನೆ, ಬಂದು ಒಂದೂವರೆ ವರ್ಷ ಆಯ್ತು. ಈ ಊರು ಮೊದಲು ಪೂರ್ವ ಜರ್ಮನಿ ಅನ್ನೋ ಕಮ್ಯುನಿಸ್ಟ್ ದೇಶದಲ್ಲಿತ್ತು, 1990ರಲ್ಲಿ ಅದು ಪಶ್ಚಿಮ ಜರ್ಮನಿ ಜೊತೆ ಒಂದಾಯ್ತು. 1953ರಿಂದ 1990ರವರೆಗೆ ಈ ಊರಿನ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್. ಹೆಸರು ಹೋಯ್ತು, ಊರ ನಡುವೆ ಮಾರ್ಕ್ಸ್‌ನ ತಲೆ ಮಾತ್ರ ಹಾಗೇ ಇದೆ. ಏಳು ಮೀಟರ್ ಎತ್ತರದ ಕಂಚಿನ ತಲೆ. ದಿನಾ ಅದರ ಮುಂದೇ ಓಡಾಡ್ತೇನೆ.

ನಮ್ಮ ಮನೆ ಓನರ್ ಅಜ್ಜಿಗೆ 74 ವರ್ಷ. ಒಬ್ಬರೇ ಇರ್ತಾರೆ, ನನ್ನನ್ನ ತುಂಬಾ ಹಚ್ಚಿಕೊಂಡಿದ್ದಾರೆ. ಹೋದ ಭಾನುವಾರ ಕಾಫಿಗೆ ಕರೆದಿದ್ದರು. ಅವರ ತಮ್ಮನೂ ಪ್ಲೌಎನ್‌ನಿಂದ ಬಂದಿದ್ದರು. ಪ್ಲಮ್ ಹಣ್ಣಿನ ಕೇಕ್ ಮಾಡಿದ್ದರು. ನಾನು ಸುಮ್ನೆ ಮಾತಿಗೆ ಅಂತ ‘ಆಗ ಹೇಗಿತ್ತು?’ ಅಂದೆ. ಅಜ್ಜಿ ‘ಚೆನ್ನಾಗಿತ್ತು, ಎಲ್ಲರಿಗೂ ಕೆಲಸ ಇತ್ತು, ಅಕ್ಕಪಕ್ಕದವರು ಒಬ್ಬರಿಗೊಬ್ಬರು ಆಗ್ತಿದ್ದರು’ ಅಂದರು. ತಮ್ಮ ಫೋರ್ಕ್ ಕೆಳಗಿಟ್ಟರು. ‘ಅದು ಜೈಲು’ ಅಂದರು. ಐದೇ ನಿಮಿಷ. ಜಾಕೆಟ್ ತಗೊಂಡು ಎದ್ದು ಹೋದರು. ಅರ್ಧ ತಿಂದ ಕೇಕ್ ಮೇಲೆ ಅಜ್ಜಿ ಇನ್ನೊಂದು ತಟ್ಟೆ ಮುಚ್ಚಿಟ್ಟರು, ವಾಪಸ್ ಬರ್ತಾರೆ ಅನ್ನೋ ಹಾಗೆ. ಅವರು ಬರಲಿಲ್ಲ.

ನನಗೆ ತುಂಬಾ ಬೇಜಾರಾಗಿದೆ. ಒಂದೇ ಮನೆಯಲ್ಲಿ ಬೆಳೆದ ಇಬ್ಬರಿಗೆ ಒಂದೇ ದೇಶ ಇಷ್ಟು ಬೇರೆ ಬೇರೆ ಆಗಿ ಕಾಣೋದು ಹೇಗೆ? ಇಲ್ಲಿ ತುಂಬಾ ವರ್ಷದಿಂದ ಇರುವವರು ಹೇಳಿ. ಇಂಥ ಹೊತ್ತಲ್ಲಿ ನಾನು ಏನು ಮಾತಾಡಬೇಕು?

ದಾವಣಗೆರೆ_ಬರ್ಲಿನ್
ನಿಮ್ಮ ತಪ್ಪಿಲ್ಲ ಬಿಡಿ. ಪೂರ್ವ ಭಾಗದಲ್ಲಿ ಇದು ಮನೆಮನೆ ಕಥೆ. ‘ಓಸ್ಟಾಲ್ಗಿ’ ಅಂತ ಒಂದು ಪದ ಇದೆ. ಓಸ್ಟ್ ಅಂದ್ರೆ ಪೂರ್ವ. ಹಳೇ ಪೂರ್ವ ಜರ್ಮನಿಯನ್ನ ನೆನೆಸಿಕೊಂಡು ಹಂಬಲಿಸೋದಕ್ಕೆ ಹಾಗಂತಾರೆ. ಆದರೆ ಅಜ್ಜಿ ಮುಂದೆ ಮಾತ್ರ ಆ ಪದ ಬಳಸಬೇಡಿ. ಅವರ ಬದುಕನ್ನ ನಾವು ಆಟದ ಸಾಮಾನು ಮಾಡಿದ ಹಾಗೆ ಆಗುತ್ತೆ.

ಸ್ಟುಟ್‌ಗಾರ್ಟ್_ಗೌಡ
ತಮ್ಮ ಹೇಳಿದ್ದೇ ಸರಿ. ಇದರಲ್ಲಿ ಎರಡು ಮಾತೇ ಇಲ್ಲ. 1961ರ ಆಗಸ್ಟ್ 13ಕ್ಕೆ ಬರ್ಲಿನ್ ಗೋಡೆ ಕಟ್ಟಿದ್ದು ಯಾಕೆ? ಹೊರಗಿನವರು ಒಳಗೆ ಬರ್ತಾರೆ ಅಂತ ಅಲ್ಲ, ಒಳಗಿನವರು ಓಡಿ ಹೋಗ್ತಾರೆ ಅಂತ. ಅಷ್ಟರಲ್ಲಿ 25 ಲಕ್ಷಕ್ಕೂ ಜಾಸ್ತಿ ಜನ ಬಿಟ್ಟು ಹೋಗಿದ್ದರು. ಬರ್ಲಿನ್ ಗೋಡೆ ಹತ್ತಿರವೇ ಕಡಿಮೆ ಅಂದರೂ 140 ಜನ ಸತ್ತಿದ್ದಾರೆ. ಕೆಲಸ ಕೊಟ್ಟರು, ಬ್ರೆಡ್ ಅಗ್ಗಕ್ಕೆ ಕೊಟ್ಟರು ಸರಿ. ದನಕ್ಕೂ ಹುಲ್ಲು ಹಾಕ್ತೀವಿ, ಕಟ್ಟಿ ಹಾಕಿರ್ತೀವಿ.

ಅಷ್ಟೇ ಅಲ್ಲ. ಒಂದಾದ ಮೇಲೆ ಅಲ್ಲಿ ರಸ್ತೆ, ರೈಲು, ಮನೆ ಎಲ್ಲಾ ರಿಪೇರಿ ಮಾಡಿದ್ದು ಪಶ್ಚಿಮದವರ ದುಡ್ಡಲ್ಲಿ. ಒಂದಾದ ಮೇಲಿನ ಖರ್ಚಿಗೆ ಅಂತ ಹಾಕಿದ್ದ ‘ಸೋಲಿ’ ತೆರಿಗೆಯನ್ನ ನಾನು ಕೂಡ ವರ್ಷಗಟ್ಟಲೆ ಕಟ್ಟಿದ್ದೇನೆ. ಇಷ್ಟಾದರೂ ಗೊಣಗ್ತಾರಲ್ಲ ಅಂತ ಸಂಕಟ ಆಗುತ್ತೆ.

ಲೆಕ್ಕದ_ಮೇಷ್ಟ್ರು
ಗೌಡರೇ, ಒಂದು ತಿದ್ದುಪಡಿ. ಸೋಲಿ ಪಶ್ಚಿಮದವರು ಮಾತ್ರ ಕಟ್ಟಿದ್ದಲ್ಲ. ಪೂರ್ವದಲ್ಲಿ ಸಂಬಳ ತಗೊಳ್ಳೋರಿಗೂ ಅದೇ ತೆರಿಗೆ ಕಡಿತ ಆಗ್ತಿತ್ತು. ನಾನೂ ಪೂರ್ವದ ಹಾಲೆ ಊರಲ್ಲಿ ಕೆಲಸ ಮಾಡುವಾಗ ಕಟ್ಟಿದ್ದೇನೆ. 2021ರಿಂದ ಬಹಳ ಜನಕ್ಕೆ ಅದು ಇಲ್ಲ. ಈ ತಪ್ಪು ತಿಳಿವಳಿಕೆ ಜರ್ಮನರಲ್ಲೇ ಇದೆ, ಅದರಿಂದ ಎಷ್ಟು ಜಗಳ ಆಗಿದೆಯೋ.

ಸ್ಟುಟ್‌ಗಾರ್ಟ್_ಗೌಡ
ಓ, ಹೌದಾ? ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ಇದು ಗೊತ್ತಿರಲಿಲ್ಲ. ಆಫೀಸಲ್ಲಿ ಎಲ್ಲರೂ ಹಾಗೇ ಹೇಳ್ತಿದ್ದರು. ಆ ಮಾತು ವಾಪಸ್ ತಗೋತೀನಿ. ಗೋಡೆ ಬಗ್ಗೆ ಹೇಳಿದ್ದು ಹಾಗೇ ಇರಲಿ.

ಡ್ರೆಸ್ಡೆನ್_ಡಬ್ಬಿ
ಗೋಡೆ ತಪ್ಪು ಅನ್ನೋದನ್ನ ಯಾರೂ ಇಲ್ಲ ಅನ್ನಲ್ಲ ಗೌಡರೇ. ಅಜ್ಜಿ ಕೂಡ ಬಹುಶಃ ಅನ್ನಲ್ಲ. ಅವರಿಗೆ ನೋವಾಗಿರೋದು 1989ರಲ್ಲಿ ಗೋಡೆ ಬಿದ್ದ ಮೇಲೆ ನಡೆದದ್ದರಿಂದ.

ನನ್ನ ಸಹೋದ್ಯೋಗಿಯ ಅಪ್ಪ ಮಷಿನ್ ಟೂಲ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದರು. 1991ರಲ್ಲಿ ಅವರಿಗೆ 48 ವರ್ಷ. ಕಾರ್ಖಾನೆ ಮುಚ್ಚಿತು. ತಾವೇ ಇಪ್ಪತ್ತು ವರ್ಷ ಎಣ್ಣೆ ಹಾಕಿ ನೋಡಿಕೊಂಡ ಲೇತ್ ಬಿಚ್ಚಿ ಕೊಡುವ ಕೆಲಸ ಅವರಿಗೇ ಬಂತು. ಕೊನೆಯ ದಿನ ಅದರ ಚಕ್‌ನ ಕೀಲಿ ಜೇಬಿಗೆ ಹಾಕಿಕೊಂಡು ಬಂದರಂತೆ. ಟಿ ಆಕಾರದ ಕಬ್ಬಿಣದ ಕೀಲಿ. ಈಗಲೂ ಅವರ ಮನೆ ಶೂ ಸ್ಟ್ಯಾಂಡ್ ಮೇಲೆ ಇದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಆಮೇಲೆ ಅವರಿಗೆ ಖಾಯಂ ಕೆಲಸ ಸಿಗಲೇ ಇಲ್ಲ. ಒಂದಾದ ಮೇಲೊಂದು ಟ್ರೇನಿಂಗ್. ಗಿಡ ಕತ್ತರಿಸೋದು, ಕಂಪ್ಯೂಟರ್ ಟೈಪಿಂಗ್. ಮಗನಿಗೆ ಹೇಳ್ತಾರಂತೆ, ‘ಸ್ವಾತಂತ್ರ್ಯಕ್ಕೆ ನಾನೂ ಬೀದಿಗೆ ಇಳಿದಿದ್ದೆ, ಅದು ಸಿಕ್ತು. ಆದರೆ ನನ್ನ ಕೈಗೆ ಕೆಲಸ ಇಲ್ಲ ಅಂತ ಯಾರೂ ಮೊದಲೇ ಹೇಳಲಿಲ್ಲ.’

ಇಂಥವರು ಒಬ್ಬಿಬ್ಬರಲ್ಲ. ‘ಟ್ರಾಯ್‌ಹಾಂಡ್’ ಅಂತ ಒಂದು ಸಂಸ್ಥೆ ಮಾಡಿದ್ದರು. ಸುಮಾರು 8,500 ಸರ್ಕಾರಿ ಕಂಪನಿಗಳು ಅದರ ಕೈಗೆ ಬಂದವು. ಅವುಗಳಲ್ಲಿ ದುಡಿಯುತ್ತಿದ್ದವರು 40 ಲಕ್ಷ. ಮಾರು, ಇಲ್ಲ ಮುಚ್ಚು. 1994ರ ಕೊನೆಗೆ ಆ ಸಂಸ್ಥೆಯ ಕೆಲಸವೇ ಮುಗಿಯಿತು. ನಾಲ್ಕೂವರೆ ವರ್ಷದಲ್ಲಿ ಒಂದು ದೇಶದ ಇಡೀ ಕೈಗಾರಿಕೆ.

ಮಂಡ್ಯದ_ಮಗ
ಆ ಕಾರ್ಖಾನೆಗಳು ಹಳೇ ಗುಜರಿ ಅಂತಾರಲ್ಲ? ಹೇಗಿದ್ದರೂ ಮುಚ್ಚಲೇಬೇಕಿತ್ತು ಅಂತ ಓದಿದ್ದೆ.

ಲೆಕ್ಕದ_ಮೇಷ್ಟ್ರು
ಕೆಲವು ಹೌದು. ಬಿಟರ್‌ಫೆಲ್ಡ್ ಕಡೆಯ ರಾಸಾಯನಿಕ ಕಾರ್ಖಾನೆಗಳಿಂದ ನದಿ, ಗಾಳಿ ಎರಡೂ ಕೆಟ್ಟು ಹೋಗಿದ್ದವು. ಆದರೆ ಎಲ್ಲವೂ ಗುಜರಿ ಅಲ್ಲ. ಇಲ್ಲಿ ದುಡ್ಡಿನ ಲೆಕ್ಕ ಸ್ವಲ್ಪ ಅರ್ಥ ಮಾಡ್ಕೋಬೇಕು.

1990ರ ಜುಲೈ 1ಕ್ಕೆ ಪಶ್ಚಿಮದ ಮಾರ್ಕ್ ಪೂರ್ವಕ್ಕೂ ಬಂತು. ಸಂಬಳ, ಪಿಂಚಣಿ ಎಲ್ಲಾ ಪೂರ್ವದ ಒಂದು ಮಾರ್ಕ್‌ಗೆ ಪಶ್ಚಿಮದ ಒಂದು. ಉಳಿತಾಯದಲ್ಲಿ ದೊಡ್ಡವರಿಗೆ 4,000 ಮಾರ್ಕ್‌ವರೆಗೆ ಒಂದಕ್ಕೆ ಒಂದು, ಮಕ್ಕಳಿಗೆ 2,000, ವಯಸ್ಸಾದವರಿಗೆ 6,000. ಅದರ ಮೇಲಿನದಕ್ಕೆ ಎರಡಕ್ಕೆ ಒಂದು. ಜನ ಕುಣಿದಾಡಿದರು, ತಪ್ಪಲ್ಲ. ಆದರೆ ಕಾರ್ಖಾನೆ ಕಡೆಯಿಂದ ನೋಡಿ. ನಿನ್ನೆವರೆಗೆ ಹಗುರ ಮಾರ್ಕ್‌ನಲ್ಲಿ ಸಂಬಳ, ಇವತ್ತಿಂದ ಗಟ್ಟಿ ಮಾರ್ಕ್‌ನಲ್ಲಿ. ಇವರ ಮಾಲು ಕೊಳ್ಳುತ್ತಿದ್ದದ್ದು ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೇರಿ. ಅವರ ಹತ್ತಿರ ಗಟ್ಟಿ ಮಾರ್ಕ್ ಎಲ್ಲಿದೆ? ಇತ್ತ ಪೂರ್ವದವರೇ ಅಂಗಡಿಗೆ ಹೋಗಿ ಪಶ್ಚಿಮದ ಬೆಣ್ಣೆ, ಪಶ್ಚಿಮದ ಸೋಪು ಕೊಂಡರು. ಒಂದೇ ಬೇಸಿಗೆಯಲ್ಲಿ ಗಿರಾಕಿಗಳೆಲ್ಲ ಮಾಯ.

ಲಾಭ ಬರುವ ಗಣಿಯನ್ನೂ ಮುಚ್ಚುತ್ತಿದ್ದಾರೆ ಅಂತ 1993ರಲ್ಲಿ ಬಿಶೋಫೆರೋಡ ಅನ್ನೋ ಊರಲ್ಲಿ ಪೊಟ್ಯಾಶ್ ಗಣಿ ಕಾರ್ಮಿಕರು ಉಪವಾಸ ಕೂತರು. ಗಣಿ ಮುಚ್ಚಿಯೇ ಮುಚ್ಚಿತು. ಪೂರ್ವದ ಹಳಬರ ಎದುರು ಆ ಊರಿನ ಹೆಸರು ಹೇಳಿ ನೋಡಿ, ಮುಖ ಹೇಗಾಗುತ್ತೆ ಅಂತ.

ಸ್ಟುಡಿಯೋ_ಸೀನಿಯರ್
ನಾನು ಜರ್ಮನಿ ನೋಡಿದವನಲ್ಲ. ಶಿವಮೊಗ್ಗದಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದೆ. ಆದರೂ ಇಲ್ಲಿ ನನಗೆ ಹೇಳುವುದಿದೆ.

ನಮ್ಮ ಅನ್ನ ಹುಟ್ಟಿದ್ದು ಪೂರ್ವ ಜರ್ಮನಿಯ ಫಿಲ್ಮಿನಿಂದ. ಓರ್ವೋ. ವೋಲ್ಫೆನ್ ಅನ್ನೋ ಊರಿನ ಕಾರ್ಖಾನೆ, ಊರಿನ ಹೆಸರೇ ಫಿಲ್ಮಿನ ಹೆಸರಲ್ಲಿದೆ. ಮದುವೆಗೆ ಎನ್‌ಪಿ 22, ರಾತ್ರಿ ಮೆರವಣಿಗೆಗೆ ಎನ್‌ಪಿ 27. ನೂರಿಪ್ಪತ್ತರ ರೋಲಿಗೆ ಹನ್ನೆರಡು ಫೋಟೋ. ಹನ್ನೆರಡನೆಯದು ಮುಗಿದ ಮೇಲೆ ಕ್ಯಾಮರಾ ಬಿಚ್ಚಿ, ರೋಲ್ ಸಡಿಲ ಆಗದ ಹಾಗೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ತುದಿಯ ಗೋಂದಿನ ಚೀಟಿಯನ್ನ ನಾಲಿಗೆಗೆ ತಾಗಿಸಿ ಅಂಟಿಸಬೇಕು. ಒಂದು ಮುಹೂರ್ತಕ್ಕೆ ಏಳೆಂಟು ಸಲ. ಆ ಗೋಂದಿನ ರುಚಿ ಈಗಲೂ ನಾಲಿಗೆ ಮೇಲಿದೆ. ನನ್ನ ತಂಗಿ ಮದುವೆಯ ಧಾರೆ ಫೋಟೋ, ನಮ್ಮಪ್ಪನ ಕೊನೆಯ ಫೋಟೋ, ಎರಡೂ ಆ ಫಿಲ್ಮಲ್ಲೇ ತೆಗೆದದ್ದು.

ಆಮೇಲೆ ಒಂದು ಸಲ ಬೆಂಗಳೂರಿನ ಡೀಲರ್ ‘ಇನ್ನು ಬರಲ್ಲ ಸಾರ್, ಆ ದೇಶನೇ ಇಲ್ಲ’ ಅಂದ. ದೇಶನೇ ಇಲ್ಲ ಅಂದ್ರೆ ಹೇಗೆ ಅಂತ ನಾನು ಅಂಗಡಿ ಮುಂದೆ ನಿಂತೇ ಇದ್ದೆ. ಈ ಫಿಲ್ಮಿನ ಡಬ್ಬಿ ಮುಚ್ಚಿ ಕಳಿಸುತ್ತಿದ್ದ ಹೆಂಗಸರು ಏನಾದರು ಅಂತ ಆವತ್ತೇ ಅನ್ನಿಸಿತ್ತು. ಈಗ ಡ್ರೆಸ್ಡೆನ್ ಅವರು ಬರೆದದ್ದು ಓದಿ ಗೊತ್ತಾಯ್ತು.

ದಾವಣಗೆರೆ_ಬರ್ಲಿನ್
ಸರ್, ನಮಸ್ಕಾರ. ನಮ್ಮನೆ ಹಳೇ ಆಲ್ಬಮ್ಮಿನ ಎಷ್ಟೋ ಫೋಟೋ ಹೀಗೇ ಬಂದದ್ದಿರಬೇಕು. ಭಾರತ ಪೂರ್ವ ಜರ್ಮನಿಗೆ ಅಧಿಕೃತ ಮಾನ್ಯತೆ ಕೊಟ್ಟದ್ದು 1972ರಲ್ಲಿ. ವ್ಯಾಪಾರ ಅದಕ್ಕೂ ಮೊದಲೇ ಇತ್ತು.

ಲೈಪ್‌ಜಿಗ್_ಅಮ್ಮ
ಹೆಂಗಸರ ಮಾತು ಬಂತಲ್ಲ, ನಾನೂ ಒಂದು ಹೇಳ್ತೇನೆ. ನನ್ನ ಮಗಳು ಒಂದು ವರ್ಷದವಳಿದ್ದಾಗಲೇ ಶಿಶುವಿಹಾರಕ್ಕೆ ಸೇರಿಸಿದೆ. ಯಾರೂ ಏನೂ ಅನ್ನಲಿಲ್ಲ. ಅದೇ ಹೊತ್ತಿಗೆ ಬವೇರಿಯಾದಲ್ಲಿರುವ ನನ್ನ ಅತ್ತಿಗೆ ಸೇರಿಸೋಕೆ ಹೋದಾಗ, ಪಕ್ಕದ ಮನೆಯವರು ‘ಇಷ್ಟು ಚಿಕ್ಕ ಮಗುವನ್ನಾ?’ ಅಂತ ಮುಖ ಸಿಂಡರಿಸಿದರಂತೆ. ಸೀಟೂ ಸಿಗಲಿಲ್ಲ. ಪೂರ್ವದಲ್ಲಿ ಹೆಂಗಸರು ದುಡಿಯೋದು ಮಾಮೂಲಿ ವಿಷಯ ಆಗಿತ್ತು. ಮಗುವಿಗೆ ಜಾಗ ಇತ್ತು, ವಾಪಸ್ ಹೋದರೆ ಕೆಲಸ ಇತ್ತು. ನಮ್ಮ ಮಹಡಿಯಲ್ಲಿ ಒಬ್ಬರು ಕ್ರೇನ್ ಓಡಿಸುತ್ತಿದ್ದ ಅಜ್ಜಿ ಇದ್ದಾರೆ! ಇದನ್ನ ಒಳ್ಳೇದು ಅಂದ್ರೆ ಗೋಡೆ ಒಳ್ಳೇದು ಅಂದ ಹಾಗಲ್ಲ.

ಕೋಲಾರದ_ಕಣ್ಣು
ಅಕ್ಕ, ಶಿಶುವಿಹಾರದ ಇನ್ನೊಂದು ಮುಖ ಕೂಡ ಇದೆ. ಆಗ ಟಿವಿಯಲ್ಲಿ ವಾರ್ತೆಗೆ ಮೊದಲು ಗಡಿಯಾರ ತೋರಿಸ್ತಿದ್ದರು. ಪೂರ್ವದ ಗಡಿಯಾರ ಒಂಥರಾ, ಪಶ್ಚಿಮದ್ದು ಇನ್ನೊಂಥರಾ. ಟೀಚರ್ ಮಕ್ಕಳನ್ನ ‘ನಿಮ್ಮನೆ ಟಿವಿ ಗಡಿಯಾರದಲ್ಲಿ ಚುಕ್ಕಿ ಇದೆಯಾ, ಗೀಟು ಇದೆಯಾ?’ ಅಂತ ಮುದ್ದಾಗಿ ಕೇಳ್ತಿದ್ದರು ಅಂತ ಇಲ್ಲಿನ ಹಳಬರು ಹೇಳ್ತಾರೆ. ಮಗು ಖುಷಿಯಿಂದ ಹೇಳುತ್ತೆ. ಅಪ್ಪ ಅಮ್ಮ ಪಶ್ಚಿಮದ ಟಿವಿ ನೋಡ್ತಾರೆ ಅಂತ ಗೊತ್ತಾಗುತ್ತೆ. ನಾಲ್ಕು ವರ್ಷದ ಮಗುವಿಗೆ ಮನೆಯಲ್ಲಿ ಸುಳ್ಳು ಹೇಳೋಕೆ ಕಲಿಸಬೇಕಿತ್ತು. ನನಗೆ ಗೋಡೆಗಿಂತ ಇದು ಜಾಸ್ತಿ ಭಯ ಹುಟ್ಟಿಸುತ್ತೆ.

ಡ್ರೆಸ್ಡೆನ್_ಡಬ್ಬಿ
ನಮ್ಮ ಡ್ರೆಸ್ಡೆನ್ ಕಡೆ ಪಶ್ಚಿಮದ ಟಿವಿ ಸಿಗ್ನಲ್ಲೇ ಸಿಗ್ತಿರಲಿಲ್ಲ. ‘ಏನೂ ಗೊತ್ತಿಲ್ಲದವರ ಕಣಿವೆ’ ಅಂತ ಉಳಿದವರು ಕರೀತಿದ್ದರು.

ಕೋಲಾರದ_ಕಣ್ಣು
ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿ ವಿಷಯಕ್ಕೆ ಬರೋಣ, ಯಾರೂ ಎತ್ತಲಿಲ್ಲ. 1 ಕೋಟಿ 60 ಲಕ್ಷ ಜನರ ದೇಶಕ್ಕೆ ಸುಮಾರು 91,000 ಪೂರ್ಣಾವಧಿ ಸಿಬ್ಬಂದಿ. ಕದ್ದು ಸುದ್ದಿ ಕೊಡುವವರು ಅದರ ಮೇಲೆ. ಫೈಲುಗಳನ್ನ ಸಾಲಾಗಿ ಜೋಡಿಸಿದರೆ 111 ಕಿಲೋಮೀಟರ್. ಬೆಂಗಳೂರಿಂದ ಮದ್ದೂರು ದಾಟಿ ಮಂಡ್ಯ ತಲುಪಿಬಿಡ್ತೀರಿ.

1992ರಿಂದ ಜನ ತಮ್ಮ ಫೈಲು ತಾವೇ ಓದಬಹುದು. ನಾನು ಮೊದಲು ಬಾಡಿಗೆಗಿದ್ದ ಮನೆಯ ಮೇಡಂ ಓದಿದ್ದರು. ಅವರ ಅಡುಗೆಮನೆ ಪರದೆಯ ಬಣ್ಣ, ಯಾವ ಕುರ್ಚಿಯಲ್ಲಿ ಯಾರು ಕೂತರು, ಕಾಫಿಗೆ ಎಷ್ಟು ಜನ ಬಂದರು, ಎಲ್ಲಾ ಬರೆದಿತ್ತಂತೆ. ಅದನ್ನೆಲ್ಲ ಬರೆಯೋಕೆ ಒಳಗೆ ಬಂದು ಕೂತಿದ್ದವರೇ ಆಗಬೇಕು. ಸುದ್ದಿ ಕೊಟ್ಟವರ ಹೆಸರು ಗುಟ್ಟಿನ ಹೆಸರು, ಆದರೆ ಬರೆದದ್ದು ಓದಿದ ಕೂಡಲೇ ಗೊತ್ತಾಯ್ತಂತೆ. ಮಗಳ ಹುಟ್ಟುಹಬ್ಬಕ್ಕೆ ಸ್ವೆಟರ್ ಹೆಣೆದು ಕೊಟ್ಟಿದ್ದ ಗೆಳತಿ. ಆ ಗೆಳತಿ ಜೊತೆ ಜಗಳ ಕೂಡ ಆಡಲಿಲ್ಲ. ಫೋನ್ ಮಾಡೋದು ನಿಲ್ಲಿಸಿದರು, ಅಷ್ಟೇ.

‘ಅಕ್ಕಪಕ್ಕದವರು ಒಬ್ಬರಿಗೊಬ್ಬರು ಆಗ್ತಿದ್ದರು’ ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಆ ಸ್ವೆಟರ್ ನೆನಪಾಗುತ್ತೆ.

ಲೈಪ್‌ಜಿಗ್_ಅಮ್ಮ
ಓದಿ ಎದೆ ಭಾರ ಆಯ್ತು.

ತೊಗರಿ_ನಾಡು
ಸ್ವಲ್ಪ ಬೇರೆ ಕಡೆ ಹೋಗ್ತೇನೆ, ಕ್ಷಮಿಸಿ. ನಾನು ಕಲಬುರಗಿ, ನನ್ನ ಹೆಂಡತಿ ಮೈಸೂರು. ಅವರ ಅಜ್ಜಿ ಬಾಯಲ್ಲಿ ‘ರಾಜರ ಕಾಲ’ ಅಂದ್ರೆ ಬಂಗಾರದ ಕಾಲ. ನಾಲ್ವಡಿಯವರು, ಕೆಆರ್‌ಎಸ್, ಕರೆಂಟು, ಶಾಲೆ. ನಮ್ಮ ತಾತನಿಗೆ ಆ ಕಾಲ ಅಂದ್ರೆ ಹೈದರಾಬಾದ್ ನಿಜಾಮರ ಕಡೆಯ ರಜಾಕಾರರ ಕಾಲ. ಬಾಗಿಲಿಗೆ ಅಗುಳಿ ಹಾಕಿ ಉಸಿರು ಬಿಗಿಹಿಡಿದ ರಾತ್ರಿಗಳು. ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17 ನಮಗೆ ದೊಡ್ಡ ದಿನ. ಮೈಸೂರಿನ ಬಂಧುಗಳಿಗೆ ಆ ತಾರೀಖೇ ಗೊತ್ತಿರಲಿಲ್ಲ. ಒಂದೇ ಕರ್ನಾಟಕ ನೋಡ್ರಿ.

ಮಂಡ್ಯದ_ಮಗ
ಸರಿಯಾಗಿ ಹೇಳಿದಿರಿ ಸರ್. ಮೈಸೂರಲ್ಲೂ ಎಲ್ಲರ ನೆನಪು ಒಂದೇ ಅಲ್ಲ. ವಿದುರಾಶ್ವತ್ಥದಲ್ಲಿ 1938ರಲ್ಲಿ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರೇ. 1947ರಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಮಾಡಬೇಕಾಯ್ತು. ನಮ್ಮೂರಲ್ಲಿ ಒಂದೇ ಜಗಲಿ ಮೇಲೆ ರಾಜರನ್ನ ಕೈ ಮುಗಿದು ನೆನೆಯುವವರೂ ಇದ್ದರು, ಆ ಚಳವಳಿಯಲ್ಲಿ ಜೈಲಿಗೆ ಹೋದವರೂ ಇದ್ದರು.

ಸ್ಟುಟ್‌ಗಾರ್ಟ್_ಗೌಡ
ರಾಜರಿಗೂ ಸ್ಟಾಸಿಗೂ ಹೋಲಿಕೆ ಬೇಡಪ್ಪ. ವಿಷಯಕ್ಕೆ ಬನ್ನಿ.

ತೊಗರಿ_ನಾಡು
ಹೋಲಿಕೆ ಆಳಿದವರದ್ದಲ್ಲ ಗೌಡರೇ, ನೆನಪಿಟ್ಟುಕೊಂಡವರದ್ದು.

ರೋಸ್ಟಾಕ್_ರಾತ್ರಿಪಾಳಿ
ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಇಷ್ಟು ಹೊತ್ತು ಬರೀ ಜರ್ಮನರ ಮಾತೇ ಆಯ್ತು. ಆ ದೇಶದಲ್ಲಿ 1989ರಲ್ಲಿ ಸುಮಾರು 60,000 ವಿಯೆಟ್ನಾಂ ಜನ ಒಪ್ಪಂದದ ಮೇಲೆ ದುಡೀತಿದ್ದರು. ಮೊಜಾಂಬಿಕ್‌ನವರೂ ಇದ್ದರು. ಸ್ನೇಹ, ಒಗ್ಗಟ್ಟು ಅಂತ ಪೋಸ್ಟರ್ ಹಚ್ಚುತ್ತಿದ್ದರು. ಆದರೆ ಇವರನ್ನ ಇಟ್ಟದ್ದು ಬೇರೆ ಹಾಸ್ಟೆಲಲ್ಲಿ. ಹೆಂಗಸು ಬಸುರಿಯಾದರೆ ಗರ್ಭ ತೆಗೆಸಬೇಕು, ಇಲ್ಲ ಊರಿಗೆ ವಾಪಸ್.

ಬದಲಾವಣೆ ಆದ ಮೇಲೆ ಮೊದಲು ಕೆಲಸ ಹೋದದ್ದು ಇವರದ್ದೇ. 1991ರಲ್ಲಿ ಹೋಯರ್ಸ್‌ವೆರ್ಡಾ ಊರಲ್ಲಿ ಇವರ ಹಾಸ್ಟೆಲ್ ಮೇಲೆ ದಾಳಿ ಆಯ್ತು. 1992ರ ಆಗಸ್ಟ್‌ನಲ್ಲಿ ನಮ್ಮ ಊರಿನ ಲಿಖ್ಟೆನ್‌ಹಾಗೆನ್. ಗೋಡೆ ಮೇಲೆ ಸೂರ್ಯಕಾಂತಿ ಚಿತ್ರ ಇರುವ ಆ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಒಳಗೆ ನೂರಕ್ಕೂ ಜಾಸ್ತಿ ವಿಯೆಟ್ನಾಂ ಜನ. ತಾರಸಿ ಹತ್ತಿ ಪಕ್ಕದ ಮೆಟ್ಟಿಲಿಗೆ ದಾಟಿ ಜೀವ ಉಳಿಸಿಕೊಂಡರು. ಕೆಳಗೆ ನಿಂತ ಜನ ಚಪ್ಪಾಳೆ ಹೊಡೀತಿದ್ದರು. ಆ ಕಟ್ಟಡದ ಮುಂದೇ ನನ್ನ ಟ್ರಾಮ್ ಹೋಗುತ್ತೆ. ಪ್ರತಿ ಸಲ ತಾರಸಿ ಕಡೆ ನೋಡ್ತೇನೆ.

ಆದ್ದರಿಂದ ‘ಆಗ ಚೆನ್ನಾಗಿತ್ತು’ ಅಂದರೂ ‘ಈಗ ಚೆನ್ನಾಗಿದೆ’ ಅಂದರೂ ನಾನು ಯಾರಿಗೆ ಅಂತ ಕೇಳ್ತೇನೆ.

ಮಂಡ್ಯದ_ಮಗ
ಹೇಮಾವತಿ ಅವರೇ, ನಿಮಗೆ ಅಲ್ಲಿ ತೊಂದರೆ ಇಲ್ಲ ತಾನೇ? 2018ರಲ್ಲಿ ಚೆಮ್ನಿಟ್ಸ್‌ನಲ್ಲಿ ವಲಸಿಗರ ವಿರುದ್ಧ ಗಲಾಟೆ ಆಗಿತ್ತಲ್ಲ. 2025ರ ಚುನಾವಣೆಯಲ್ಲೂ ಪೂರ್ವದ ಐದೂ ರಾಜ್ಯದಲ್ಲಿ ವಲಸೆ ವಿರೋಧಿ ಎಎಫ್‌ಡಿ ಪಕ್ಷವೇ ಮೊದಲು ಬಂತು.

ಹೇಮಾವತಿ_ದಡ
ನನಗೆ ನೇರ ತೊಂದರೆ ಆಗಿಲ್ಲ ಅಣ್ಣ. ರಾತ್ರಿ ತಡವಾದರೆ ಗೆಳತಿಯರ ಜೊತೆ ಬರ್ತೇನೆ. ಅಜ್ಜಿ ದೀಪ ಹಾಕಿಟ್ಟು ಕಾಯ್ತಿರ್ತಾರೆ. ಎಲ್ಲರ ಮಾತನ್ನೂ ಎರಡೆರಡು ಸಲ ಓದ್ತಾ ಇದ್ದೇನೆ. ರೋಸ್ಟಾಕ್ ಅಕ್ಕನ ಮಾತು ಮನಸ್ಸಲ್ಲಿ ಕೂತಿದೆ.

ಡ್ರೆಸ್ಡೆನ್_ಡಬ್ಬಿ
ಅಜ್ಜಿ ಹತ್ತಿರ ಮಾತಾಡೋಕೆ ನನ್ನದೊಂದು ಸಲಹೆ. ‘ಆಗ ಚೆನ್ನಾಗಿತ್ತಾ?’ ಅಂತ ಕೇಳಬೇಡಿ. ಹಾಗೆ ಕೇಳಿದರೆ ವಕೀಲರ ಥರ ವಾದಕ್ಕೆ ನಿಲ್ಲಲೇಬೇಕಾಗುತ್ತೆ. ‘1989ರಲ್ಲಿ ನೀವು ಏನು ಕೆಲಸ ಮಾಡ್ತಿದ್ದಿರಿ? ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತಿದ್ದಿರಿ?’ ಅಂತ ಕೇಳಿ.

ಬೀದರ್_ಬ್ರೆಡ್
ಸಂಬಂಧ ಇಲ್ಲದ ಪ್ರಶ್ನೆ: ಲೈಪ್‌ಜಿಗ್‌ನಲ್ಲಿ ದೋಸೆ ಅಕ್ಕಿ ಎಲ್ಲಿ ಸಿಗುತ್ತೆ?

ಲೈಪ್‌ಜಿಗ್_ಅಮ್ಮ
ವಿಯೆಟ್ನಾಂ ಅಂಗಡಿಗೆ ಹೋಗಿ. ಉದ್ದಿನಬೇಳೆ, ಕರಿಬೇವು ಕೂಡ ಇರುತ್ತೆ. ನಾನು ಹೋಗುವ ಅಂಗಡಿಯ ಯಜಮಾನರು 1987ರಲ್ಲಿ ಬಟ್ಟೆ ಗಿರಣಿಗೆ ಅಂತ ಬಂದವರು. ಗಿರಣಿ ಮುಚ್ಚಿದ ಮೇಲೆ ರಸ್ತೆ ಬದಿ ತರಕಾರಿ ಮಾರಿ ಅಂಗಡಿ ಮಾಡಿಕೊಂಡರು. ರೋಸ್ಟಾಕ್ ಅವರು ಹೇಳಿದ್ದು ಇಂಥವರದ್ದೇ.

ಹೇಮಾವತಿ_ದಡ
ಎರಡು ವಾರ ಆದ ಮೇಲೆ ಬರೀತಾ ಇದ್ದೇನೆ.

ಡ್ರೆಸ್ಡೆನ್ ಅಣ್ಣ ಹೇಳಿದ ಹಾಗೇ ಕೇಳಿದೆ. ಅಜ್ಜಿ ಎದ್ದು ಹೋಗಿ ಬೀರುವಿನಿಂದ ಒಂದು ಹಸಿರು ಪುಸ್ತಕ ತಂದರು. ಕೆಲಸ ಮತ್ತು ಸಾಮಾಜಿಕ ವಿಮೆಯ ಪುಸ್ತಕ, ಅಂಗೈ ಅಗಲ. ಯಾವ ವರ್ಷ ಎಲ್ಲಿ ಕೆಲಸ, ಎಷ್ಟು ಸಂಬಳ, ಯಾವಾಗ ಡಾಕ್ಟರ ಹತ್ತಿರ ಹೋದರು, ಎಲ್ಲಕ್ಕೂ ಮೊಹರು. ಅಜ್ಜಿ ಜವಳಿ ಯಂತ್ರ ಮಾಡುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದರು. ಐದು ಗಂಟೆಗೆ ಏಳೋದು, ಮಗನನ್ನ ಬಿಟ್ಟು ಆರೂಕಾಲಿಗೆ ಟೇಬಲ್ ಮುಂದೆ. ಒಂದೊಂದು ಮೊಹರಿನ ಮೇಲೂ ಬೆರಳಿಟ್ಟು ತೋರಿಸಿದರು. ಕೊನೆಯ ಮೊಹರು ಆದ ಮೇಲೆ ಖಾಲಿ ಹಾಳೆಗಳಿದ್ದವು. ಅವನ್ನೂ ಒಂದೊಂದಾಗಿ ತಿರುವಿದರು. ಏನೂ ಮಾತಾಡಲಿಲ್ಲ.

ಆಮೇಲೆ ತಾವಾಗೇ ತಮ್ಮನ ವಿಷಯ ತೆಗೆದರು. ಅವರು ಚಿಕ್ಕವರಿದ್ದಾಗ ಚರ್ಚಿನ ಹುಡುಗರ ಗುಂಪಿಗೆ ಹೋಗ್ತಿದ್ದರಂತೆ. ಅದಕ್ಕೇ ಹೈಸ್ಕೂಲ್ ಮುಂದೆ ಓದೋಕೆ ಬಿಡಲಿಲ್ಲ. ಕ್ಲಾಸಿಗೆ ಮೊದಲಿಗರು, ಡಾಕ್ಟರ್ ಆಗುವ ಆಸೆ. ಆದದ್ದು ಹೀಟಿಂಗ್ ಪೈಪ್ ರಿಪೇರಿ ಕೆಲಸ. 1989ರ ಅಕ್ಟೋಬರ್ 7ಕ್ಕೆ ಪ್ಲೌಎನ್‌ನಲ್ಲಿ ಸಾವಿರಾರು ಜನ ಬೀದಿಗೆ ಬಂದರಲ್ಲ, ಅದರಲ್ಲಿ ಅವರೂ ಇದ್ದರು. ‘ಅವನಿಗೆ ಆ ದೇಶ ಬಾಗಿಲು ಮುಚ್ಚಿತು, ನನಗೆ ಈ ದೇಶ ಮುಚ್ಚಿತು. ಇದನ್ನ ನಾವಿಬ್ಬರೂ ಯಾವತ್ತೂ ಹೀಗೆ ಕೂತು ಹೇಳಿಕೊಂಡಿಲ್ಲ’ ಅಂದರು.

ಈ ಭಾನುವಾರ ತಮ್ಮನಿಗೆ ಫೋನ್ ಮಾಡಿದ್ದಾರೆ. ಬರ್ತೀನಿ ಅಂದಿದ್ದಾರಂತೆ.

ಸ್ಟುಟ್‌ಗಾರ್ಟ್_ಗೌಡ
ಗೋಡೆ ವಿಷಯದಲ್ಲಿ ನನ್ನ ಮಾತು ಬದಲಾಗಲ್ಲ. ಆದರೆ ಆ ಖಾಲಿ ಹಾಳೆಗಳನ್ನ ಅಜ್ಜಿ ತಿರುವಿದ್ದು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಅಜ್ಜಿಗೆ ನನ್ನ ನಮಸ್ಕಾರ ಹೇಳಮ್ಮ. ತಮ್ಮನಿಗೂ.

ಸ್ಟುಡಿಯೋ_ಸೀನಿಯರ್
ತಾಯಿ, ವೋಲ್ಫೆನ್‌ನಲ್ಲಿ ಹಳೇ ಫಿಲ್ಮ್ ಕಾರ್ಖಾನೆಯಲ್ಲೇ ಮ್ಯೂಸಿಯಂ ಮಾಡಿದ್ದಾರಂತೆ. ನಿಮ್ಮ ಊರಿಂದ ದೂರ ಏನು? ರಜಾ ಇದ್ದಾಗ ಹೋದರೆ, ಫಿಲ್ಮಿನ ಮೇಲೆ ಮಸಾಲೆ ಬಳಿಯುತ್ತಿದ್ದ ಯಂತ್ರದ ಒಂದು ಫೋಟೋ ಕಳಿಸಿ. ಕತ್ತಲಲ್ಲಿ ಕೆಲಸ ಮಾಡ್ತಿದ್ದರು ಅವರು.

ಹೇಮಾವತಿ_ದಡ
ಲೈಪ್‌ಜಿಗ್ ಮೇಲೆ ರೈಲಿದೆ ಸರ್, ಖಂಡಿತ ಹೋಗ್ತೇನೆ. ಅಜ್ಜಿಗೆ ನಿಮ್ಮ ಗೋಂದಿನ ಚೀಟಿ ವಿಷಯ ಹೇಳಿದೆ. ಶಿವಮೊಗ್ಗ ಎಲ್ಲಿದೆ ಅಂತ ಭೂಪಟ ತೆಗೆಸಿ ನೋಡಿದರು. ತಾವೂ ಬರ್ತಾರಂತೆ.